ಲಿಸ್ಟಿನ ಹೆಸರು ಸಬ್ಜೆಕ್ಟ್‌ನಲ್ಲಿ ಬೇಡ: ಮೇಲ್‌ಮ್ಯಾನ್ 3, ಗೂಗಲ್ ಗ್ರೂಪ್ಸ್, ಗ್ರೂಪ್ಸ್ ಡಾಟ್ ಐಒ ಮತ್ತು ಫಿಲ್ಟರ್‌ಗಳ ವಿಮರ್ಶೆ

ಒಂದು ವಿಳಾಸಕ್ಕೆ ಕಳಿಸಿದ ಪತ್ರವನ್ನು ಎಲ್ಲ ಸದಸ್ಯರಿಗೂ ತಲುಪಿಸುವ ಮೇಲಿಂಗ್ ಲಿಸ್ಟ್ ವ್ಯವಸ್ಥೆಗಳನ್ನು ಹೋಲಿಸುವಾಗ ಬೆಲೆ, ಸದಸ್ಯರ ಮಿತಿ, ಆರ್ಕೈವ್ ಪುಟದ ಅಂದಚೆಂದ ಇವುಗಳ ಮೇಲೇ ಎಲ್ಲರ ಗಮನ. ಸದಸ್ಯರ ಕಣ್ಣಿಗೆ ದಿನವೂ ಬೀಳುವುದು ಮಾತ್ರ ಸಬ್ಜೆಕ್ಟ್ ಸಾಲು. ಅದರ ಮುಂದೆ ಲಿಸ್ಟಿನ ಹೆಸರನ್ನು ಚೌಕ ಆವರಣದೊಳಗೆ ಹಾಕಬೇಕೇ, ಹಾಕಿದರೆ ಫಿಲ್ಟರ್ ಅದನ್ನೇ ನಂಬಬೇಕೇ ಎಂಬ ಪ್ರಶ್ನೆಯೊಂದನ್ನೇ ಹಿಡಿದು ಮೂರು ಲಿಸ್ಟ್ ವ್ಯವಸ್ಥೆಗಳನ್ನೂ ನಾಲ್ಕೈದು ಫಿಲ್ಟರ್ ಸಾಧನಗಳನ್ನೂ ಇಲ್ಲಿ ತೂಗಿದೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಪತ್ರ ಯಾವ ಲಿಸ್ಟಿನಿಂದ ಬಂತು ಎಂದು ಹೇಳುವ ಟ್ಯಾಗನ್ನು ತೆಗೆದುಹಾಕಿ. ಪತ್ರ ಯಾವ ಬಗೆಯದು ಎಂದು ಬರೆದವರೇ ಹಾಕುವ ಟ್ಯಾಗನ್ನು ಉಳಿಸಿಕೊಳ್ಳಿ. ಮೊದಲನೆಯದರ ಕೆಲಸ ಮಾಡಲು ಬೇರೆ ಹೆಡರ್ (ಪತ್ರದ ಜತೆ ಹೋಗುವ ಮಾಹಿತಿಯ ಸಾಲು) ಇದೆ. ಎರಡನೆಯದರ ಕೆಲಸವನ್ನು ಯಾವ ಯಂತ್ರವೂ ಮಾಡಿಕೊಡುವುದಿಲ್ಲ.

ಆ ಬೇರೆ ಹೆಡರಿನ ಹೆಸರು ಲಿಸ್ಟ್-ಐಡಿ. 2001ರ ಮಾರ್ಚ್‌ನಲ್ಲಿ ಬಂದ ಆರ್‌ಎಫ್‌ಸಿ 2919 ಎಂಬ ಇಂಟರ್ನೆಟ್ ಮಾನದಂಡದ ದಾಖಲೆ ಅದರ ರೂಪವನ್ನು ಗೊತ್ತುಮಾಡಿತು: ಬೇಕಿದ್ದರೆ ಒಂದು ವಿವರಣೆ, ಅದರ ಮುಂದೆ ಕೋನ ಆವರಣದೊಳಗೆ ಲಿಸ್ಟಿನ ಹೆಸರು, ಚುಕ್ಕಿ, ಡೊಮೈನ್. ಲಿಸ್ಟ್ ಒಂದು ಸರ್ವರಿನಿಂದ ಇನ್ನೊಂದಕ್ಕೆ ಹೋದರೂ ಈ ಗುರುತು ಬದಲಾಗಬಾರದು ಎಂಬುದು ಅದರ ಆಶಯ. ಜನರ ಕಣ್ಣಿಗೆ ಇದು ಬೀಳುವುದಿಲ್ಲ, ಯಂತ್ರಕ್ಕೆ ಕಾಣುತ್ತದೆ. ಫಿಲ್ಟರ್‌ಗೆ ಬೇಕಾದದ್ದೂ ಅಷ್ಟೇ. ಸಬ್ಜೆಕ್ಟ್‌ನ ಟ್ಯಾಗ್ ಹಾಗಲ್ಲ, ಯಾರು ಬೇಕಾದರೂ ಕೈಯಾರೆ ಟೈಪ್ ಮಾಡಬಹುದು, ಉತ್ತರಿಸುವಾಗ ಅಳಿಸಬಹುದು. ಒಂದೇ ಪತ್ರ ಎರಡು ಲಿಸ್ಟ್‌ಗೆ ಹೋದರೆ ಎರಡು ಟ್ಯಾಗ್‌ಗಳು ಒಂದರ ಬೆನ್ನಿಗೊಂದು ಜೋತುಬೀಳುತ್ತವೆ, ನಾಲ್ಕನೆಯ ಉತ್ತರದ ಹೊತ್ತಿಗೆ ಮೊಬೈಲ್ ಪರದೆಯಲ್ಲಿ ನಿಜವಾದ ವಿಷಯ ಕಾಣುವುದೇ ಇಲ್ಲ.

ಇದಕ್ಕಿಂತ ದೊಡ್ಡ ಕಾರಣ ಡಿಕೆಐಎಂ ಸಹಿ. ದಾರಿಯಲ್ಲಿ ಪತ್ರ ಬದಲಾಗಿಲ್ಲ ಎಂದು ತೋರಿಸಲು ಪತ್ರ ಕಳಿಸುವ ಡೊಮೈನ್ ಕೆಲವು ಹೆಡರ್‌ಗಳಿಗೂ ಪತ್ರದ ಒಡಲಿಗೂ ಸೇರಿಸಿ ಒಂದು ಸಹಿ ಹಾಕುತ್ತದೆ, ಸಬ್ಜೆಕ್ಟ್ ಅದರಲ್ಲಿ ಸಾಮಾನ್ಯವಾಗಿ ಸೇರಿರುತ್ತದೆ. ಲಿಸ್ಟ್ ಅದರ ಮುಂದೆ ಒಂದು ಪದ ಅಂಟಿಸಿದರೂ ಸಹಿ ಮುರಿಯಿತು. 'ರಿಲ್ಯಾಕ್ಸ್ಡ್' ವಿಧಾನದ ಸಹಿ ಕೂಡ ಕ್ಷಮಿಸುವುದು ಖಾಲಿ ಜಾಗದ ವ್ಯತ್ಯಾಸವನ್ನು ಮಾತ್ರ, ಹೊಸ ಅಕ್ಷರಗಳನ್ನಲ್ಲ. ಪತ್ರದ ಕೊನೆಗೆ ಸೇರಿಸುವ ಅಡಿಟಿಪ್ಪಣಿಯೂ ಇದೇ ಹಾನಿ ಮಾಡುತ್ತದೆ. 2014ರ ಏಪ್ರಿಲ್‌ನಲ್ಲಿ ಯಾಹೂ, ಅದೇ ತಿಂಗಳು ಎಒಎಲ್, ತಮ್ಮ ಡೊಮೈನಿನ ಡಿಮಾರ್ಕ್ ನೀತಿಯನ್ನು (ಪರೀಕ್ಷೆಯಲ್ಲಿ ಸೋತ ಪತ್ರವನ್ನು ಏನು ಮಾಡಬೇಕು ಎಂದು ಪಡೆಯುವ ಸರ್ವರಿಗೆ ಕೊಡುವ ಸೂಚನೆ) 'ರಿಜೆಕ್ಟ್'ಗೆ, ಅಂದರೆ ತಿರಸ್ಕರಿಸಿ ಎಂಬುದಕ್ಕೆ, ಬದಲಿಸಿದವು. ಅಲ್ಲಿಯವರೆಗೆ ಯಾರ ಗಮನಕ್ಕೂ ಬಾರದಿದ್ದ ಈ ಮುರಿದ ಸಹಿಗಳಿಂದ ಪತ್ರಗಳು ರಾಶಿ ರಾಶಿಯಾಗಿ ವಾಪಸಾಗತೊಡಗಿದವು. ಸದಸ್ಯನದೇನೂ ತಪ್ಪಿಲ್ಲದಿದ್ದರೂ ಅವನ ವಿಳಾಸದಿಂದ ಪತ್ರ ಬೌನ್ಸ್ ಆಗುತ್ತಿದೆ ಎಂದು ಲಿಸ್ಟ್ ಅವನ ಸದಸ್ಯತ್ವವನ್ನೇ ನಿಲ್ಲಿಸಿಬಿಡುವ ಪರಿಸ್ಥಿತಿ ಬಂತು. ಇದಕ್ಕೆ ಪರಿಹಾರವಾಗಿ ಬಂದದ್ದೇ 'ಇಂಥವರು, ಇಂಥ ಲಿಸ್ಟ್ ಮೂಲಕ' ಎಂದು ಫ್ರಮ್ ವಿಳಾಸವನ್ನು ತಿದ್ದುವ ರೂಢಿ. ಬರೆದವರ ವಿಳಾಸ ಮರೆಯಾಗುತ್ತದೆ, ಅವರ ವಿಳಾಸದ ಮೇಲೆ ಕಟ್ಟಿದ ಫಿಲ್ಟರ್‌ಗಳು ಕೆಲಸ ಬಿಡುತ್ತವೆ, ಅಡ್ರೆಸ್ ಬುಕ್ಕಿನ ತುಂಬ ಲಿಸ್ಟಿನ ವಿಳಾಸವೇ ಹತ್ತಾರು ಹೆಸರಲ್ಲಿ ಕೂರುತ್ತದೆ. ಚೌಕ ಆವರಣದ ಒಂದು ಪದಕ್ಕೆ ಇಷ್ಟು ಬೆಲೆ ತೆರುವುದು ನಮಗೆ ಒಪ್ಪಿಗೆಯಿಲ್ಲ.

ಮೇಲ್‌ಮ್ಯಾನ್ 3

ಇದು ನಿಮ್ಮದೇ ಸರ್ವರಿನಲ್ಲಿ ನಡೆಸಬಹುದಾದ ಲಿಸ್ಟ್ ಸಾಫ್ಟ್‌ವೇರ್. ಮೂರರಲ್ಲಿ ಹಿಡಿತ ಹೆಚ್ಚು ಇರುವುದು ಇದರಲ್ಲೇ, ಕೆಲಸವೂ ಇದರಲ್ಲೇ ಹೆಚ್ಚು. ಹೊಸ ಲಿಸ್ಟ್ ತೆರೆದ ಕೂಡಲೇ ಲಿಸ್ಟಿನ ಹೆಸರಿನ ಟ್ಯಾಗ್ ತಾನಾಗಿಯೇ ಜಾರಿಯಲ್ಲಿರುತ್ತದೆ. ಪೋಸ್ಟೋರಿಯಸ್ ಎಂಬ ಆಡಳಿತ ಪುಟದಲ್ಲಿ ಲಿಸ್ಟಿನ ಸೆಟ್ಟಿಂಗ್ಸ್, ಅದರೊಳಗೆ ಲಿಸ್ಟ್ ಐಡೆಂಟಿಟಿ, ಅಲ್ಲಿ ಸಬ್ಜೆಕ್ಟ್ ಪ್ರಿಫಿಕ್ಸ್ ಎಂಬ ಖಾನೆ. ಅದನ್ನು ಖಾಲಿ ಮಾಡಿ ಉಳಿಸಿ.

ಹೆಚ್ಚಿನವರು ಇಲ್ಲಿಗೇ ನಿಲ್ಲಿಸಿ, ಫ್ರಮ್ ವಿಳಾಸ ಇನ್ನೂ ಬದಲಾಗುತ್ತಲೇ ಇದೆಯಲ್ಲ ಎಂದು ಗೊಣಗುತ್ತಾರೆ. ಇನ್ನೂ ಮೂರು ಕಡೆ ಕೈ ಹಾಕಬೇಕು. ಪ್ರತಿ ಪತ್ರದ ಕೊನೆಗೆ ಲಿಸ್ಟಿನ ಹೆಸರು, ಸದಸ್ಯತ್ವ ಬಿಡುವ ವಿಳಾಸ ಸೇರಿಸುವ ಅಡಿಟಿಪ್ಪಣಿಯ ಟೆಂಪ್ಲೇಟ್ ಖಾಲಿಯಾಗಬೇಕು. ಎಚ್‌ಟಿಎಂಎಲ್ ಭಾಗ ಕಿತ್ತುಹಾಕುವ ಅಥವಾ ಅಟ್ಯಾಚ್‌ಮೆಂಟ್ ತೆಗೆಯುವ ಕಂಟೆಂಟ್ ಫಿಲ್ಟರಿಂಗ್ ನಿಲ್ಲಬೇಕು, ಏಕೆಂದರೆ ಅದೂ ಒಡಲನ್ನು ಬದಲಿಸುತ್ತದೆ. ಬರೆದವರ ರಿಪ್ಲೈ-ಟು ಹೆಡರನ್ನು ತಿದ್ದುವ ಆಯ್ಕೆಯನ್ನೂ ಬಿಡುವುದು ಕ್ಷೇಮ, ಹಲವು ಡೊಮೈನ್‌ಗಳು ಅದನ್ನೂ ಸಹಿಯಲ್ಲಿ ಸೇರಿಸುತ್ತವೆ. ಇಷ್ಟಾದ ಮೇಲೆ ಡಿಮಾರ್ಕ್ ಮಿಟಿಗೇಷನ್ಸ್ ಪುಟಕ್ಕೆ (ಫ್ರಮ್ ತಿದ್ದುವ ಆಯ್ಕೆ ಇರುವುದು ಇಲ್ಲೇ) ಹೋಗಿ 'ನೋ ಮಿಟಿಗೇಷನ್' ಆಯ್ದುಕೊಳ್ಳಬೇಕು. ಈ ಹೆಜ್ಜೆ ಮರೆತರೆ ಹಿಂದಿನದೆಲ್ಲ ವ್ಯರ್ಥ: ಮೇಲ್‌ಮ್ಯಾನ್ ನೋಡುವುದು ಕಳಿಸಿದ ಡೊಮೈನಿನ ನೀತಿಯನ್ನು, ಸಹಿ ಉಳಿಯಿತೋ ಮುರಿಯಿತೋ ಎಂಬುದನ್ನಲ್ಲ. ಕ್ರಮವೂ ಮುಖ್ಯ. ಟ್ಯಾಗ್, ಅಡಿಟಿಪ್ಪಣಿ ಇರುವಾಗಲೇ ಮಿಟಿಗೇಷನ್ ತೆಗೆದರೆ ಯಾಹೂ ಸದಸ್ಯರ ಪತ್ರಗಳು ಮತ್ತೆ 2014ರಂತೆಯೇ ವಾಪಸಾಗುತ್ತವೆ.

ಪರೀಕ್ಷೆ ಸುಲಭ. ಯಾಹೂ ವಿಳಾಸವೊಂದರಿಂದ ಲಿಸ್ಟ್‌ಗೆ ಪತ್ರ ಕಳಿಸಿ. ಇನ್ನೊಬ್ಬ ಸದಸ್ಯರ ಜಿಮೇಲ್‌ನಲ್ಲಿ ಅದನ್ನು ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿ 'ಶೋ ಒರಿಜಿನಲ್' ಒತ್ತಿ. ಮೇಲ್ಭಾಗದ ಪಟ್ಟಿಯಲ್ಲಿ ಡಿಕೆಐಎಂ ಎದುರು ಯಾಹೂ ಡೊಮೈನಿನ ಹೆಸರೂ 'ಪಾಸ್' ಎಂಬ ಪದವೂ ಇರಬೇಕು, ಡಿಮಾರ್ಕ್ ಎದುರಿಗೂ ಪಾಸ್ ಇರಬೇಕು. ಪತ್ರ ತಂದ ಸರ್ವರಿಗೆ ಅನುಮತಿ ಇದೆಯೇ ಎಂದು ನೋಡುವ ಎಸ್‌ಪಿಎಫ್ ಸಾಲಿನಲ್ಲಿ ಲಿಸ್ಟಿನ ಸರ್ವರಿನ ಹೆಸರು ಕಂಡರೆ ಗಾಬರಿ ಬೇಡ. ಡಿಮಾರ್ಕ್ ಗೆಲ್ಲಲು ಬರೆದವರ ಡೊಮೈನಿನ ಡಿಕೆಐಎಂ ಒಂದೇ ಸಾಕು.

ಮೇಲ್‌ಮ್ಯಾನ್ ಮೇಲೆ ನಮಗಿರುವ ದೊಡ್ಡ ದೂರು ಬೇರೆ. ಹಳೆಯ 2.1ರಲ್ಲಿ 'ಟಾಪಿಕ್ಸ್' ಎಂಬ ಸೌಲಭ್ಯವಿತ್ತು. ಸಬ್ಜೆಕ್ಟ್ ಅಥವಾ ಕೀವರ್ಡ್ಸ್ ಹೆಡರಿನಲ್ಲಿ ಇಂಥ ಪದ ಬಂದರೆ ಇದು ಇಂಥ ಟಾಪಿಕ್ ಎಂದು ಆಡಳಿತಗಾರರು ನಿಯಮ ಬರೆಯಬಹುದಿತ್ತು, ಸದಸ್ಯರು ತಮಗೆ ಬೇಕಾದ ಟಾಪಿಕ್ ಮಾತ್ರ ತರಿಸಿಕೊಳ್ಳಬಹುದಿತ್ತು. ಬಗೆ ಹೇಳುವ ಟ್ಯಾಗ್‌ಗಳಿಗೆ ಇದಕ್ಕಿಂತ ಒಳ್ಳೆಯ ಉಪಯೋಗವಿಲ್ಲ. ಅದರಲ್ಲೂ ಒಂದು ತೊಡಕು ಇತ್ತು, ನಿಜ: ಒಂದು ಟಾಪಿಕ್ ಆರಿಸಿಕೊಂಡ ಸದಸ್ಯರಿಗೆ ಟ್ಯಾಗ್ ಇಲ್ಲದ ಪತ್ರಗಳು ಬರುವುದು ತಾನಾಗಿಯೇ ನಿಂತುಹೋಗುತ್ತಿತ್ತು, ಅವುಗಳೂ ಬೇಕು ಎಂದು ಬೇರೆಯಾಗಿ ಗುರುತು ಹಾಕಬೇಕಿತ್ತು. ಆದರೂ ಅದು ಒಳ್ಳೆಯ ಸೌಲಭ್ಯ. 3ರ ಪೋಸ್ಟೋರಿಯಸ್ ಪುಟಗಳಲ್ಲಿ ಅದಕ್ಕೆ ಜಾಗವೇ ಇಲ್ಲ. ಇದು ನಿಜವಾದ ನಷ್ಟ.

ಗ್ರೂಪ್ಸ್ ಡಾಟ್ ಐಒ

ಆ ನಷ್ಟವನ್ನು ತುಂಬಿಕೊಟ್ಟದ್ದು ಈ ಸೇವೆ. ಇದರ ಸ್ಥಾಪಕ ಮಾರ್ಕ್ ಫ್ಲೆಚರ್ ಹಿಂದೆ ಒನ್‌ಲಿಸ್ಟ್ ಕಟ್ಟಿದವರು. ಅದು ಇಗ್ರೂಪ್ಸ್ ಜತೆ ಸೇರಿ, 2000ದಲ್ಲಿ ಯಾಹೂ ಕೈಗೆ ಹೋಗಿ ಯಾಹೂ ಗ್ರೂಪ್ಸ್ ಆಯಿತು. 2020ರ ಡಿಸೆಂಬರ್‌ನಲ್ಲಿ ಯಾಹೂ ಗ್ರೂಪ್ಸ್ ಮುಚ್ಚಿದಾಗ ಹಲವು ಗುಂಪುಗಳು ಇಲ್ಲಿಗೆ ಬಂದವು.

ಇಲ್ಲಿ ಸಬ್ಜೆಕ್ಟ್‌ನಲ್ಲಿ ಹ್ಯಾಶ್‌ಟ್ಯಾಗ್ ಬರೆದರೆ ಸರ್ವರೇ ಅದನ್ನು ಓದಿ ಅರ್ಥ ಮಾಡಿಕೊಳ್ಳುತ್ತದೆ. ಸದಸ್ಯರು ಒಂದು ಹ್ಯಾಶ್‌ಟ್ಯಾಗನ್ನು ಮ್ಯೂಟ್ ಮಾಡಿದರೆ ಆ ಬಗೆಯ ಪತ್ರ ಅವರಿಗೆ ಹೊರಡುವುದೇ ಇಲ್ಲ, ಫಾಲೋ ಮಾಡಿದರೆ ಅದು ಮಾತ್ರ ಬರುವಂತೆ ಮಾಡಿಕೊಳ್ಳಬಹುದು. ಫಿಲ್ಟರ್ ಸರ್ವರಿನಲ್ಲಿರುವುದರಿಂದ ಮೊಬೈಲ್, ಕಂಪ್ಯೂಟರ್, ಆಫೀಸಿನ ಔಟ್‌ಲುಕ್ ಎಲ್ಲದರಲ್ಲೂ ಒಂದೇ ಫಲ. ಹೊಸ ಹ್ಯಾಶ್‌ಟ್ಯಾಗ್ ಹುಟ್ಟುಹಾಕುವ ಅಧಿಕಾರವನ್ನು ಮಾಡರೇಟರ್‌ಗಳಿಗೆ ಮಾತ್ರ ಇಡಿ. ಹಾಗೆ ಮಾಡದಿದ್ದರೆ ಒಂದೇ ವಿಷಯಕ್ಕೆ ಏಕವಚನ, ಬಹುವಚನ, ತಪ್ಪು ಕಾಗುಣಿತ ಸೇರಿ ಐದು ಟ್ಯಾಗ್ ಹುಟ್ಟುತ್ತವೆ, ಒಂದನ್ನು ಮ್ಯೂಟ್ ಮಾಡಿದವರಿಗೆ ಉಳಿದ ನಾಲ್ಕು ಬರುತ್ತಲೇ ಇರುತ್ತವೆ. ಐದಾರು ಟ್ಯಾಗ್ ಸಾಕು, ಹತ್ತು ದಾಟಿದರೆ ಯಾರೂ ನೆನಪಿಡುವುದಿಲ್ಲ. ಗುಂಪಿನ ಹೆಸರಿನ ಟ್ಯಾಗ್ ಇಲ್ಲೂ ಇದೆ, ಸೆಟ್ಟಿಂಗ್ಸ್‌ನಲ್ಲಿ ತೆಗೆಯಬಹುದು. ಉಚಿತ ಗುಂಪಿಗೆ ಸದಸ್ಯರ ಮಿತಿಯಿದೆ, ದೊಡ್ಡ ಗುಂಪು ನಡೆಸುವವರು ಹಣ ಕಟ್ಟಲು ಸಿದ್ಧರಿರಬೇಕು. ಟ್ಯಾಗ್ ವಿಚಾರ ಒಂದನ್ನೇ ನೋಡಿದರೆ ಮೂರರಲ್ಲಿ ಇದಕ್ಕೇ ಮೊದಲ ಸ್ಥಾನ.

ಗೂಗಲ್ ಗ್ರೂಪ್ಸ್

ಕರ್ನಾಟಕದಲ್ಲಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ವಿಷಯವಾರು ವೇದಿಕೆಗಳು, ಅಂದರೆ ಎಸ್‌ಟಿಎಫ್ ಗುಂಪುಗಳು, ಗೂಗಲ್ ಗ್ರೂಪ್ಸ್ ಮೇಲೆಯೇ ಕಟ್ಟಿದವು. ಗಣಿತ-ವಿಜ್ಞಾನಕ್ಕೊಂದು, ಸಮಾಜ ವಿಜ್ಞಾನಕ್ಕೊಂದು ಎಂಬಂತೆ. ಅಂಥ ಗುಂಪಿಗೆ ಇದರ ಗುಣವೇ ಸರಳತೆ: ಸರ್ವರ್ ಬೇಡ, ಹಣ ಬೇಡ, ಜಿಮೇಲ್ ಇದ್ದವರನ್ನು ನೇರವಾಗಿ ಸೇರಿಸಬಹುದು. ಗ್ರೂಪ್ ಸೆಟ್ಟಿಂಗ್ಸ್‌ನ ಇಮೇಲ್ ಆಪ್ಷನ್ಸ್ ಭಾಗದಲ್ಲಿ ಸಬ್ಜೆಕ್ಟ್ ಪ್ರಿಫಿಕ್ಸ್, ಅಡಿಟಿಪ್ಪಣಿ ಎರಡೂ ಒಂದೇ ಕಡೆ ಸಿಗುತ್ತವೆ. ಸಬ್ಜೆಕ್ಟ್‌ನ ಟ್ಯಾಗ್ ನೋಡಿ ಸದಸ್ಯರಿಗೆ ಪತ್ರ ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸುವ ಶಕ್ತಿ ಇದಕ್ಕಿಲ್ಲ, ಆ ಹೊರೆಯೆಲ್ಲ ಸದಸ್ಯರ ಫಿಲ್ಟರ್ ಮೇಲೆ.

ಇನ್ನು ಫಿಲ್ಟರ್‌ಗಳು

ಜಿಮೇಲ್‌ನಲ್ಲಿ ಲಿಸ್ಟಿನ ಪತ್ರವೊಂದನ್ನು ತೆರೆದು ಮೂರು ಚುಕ್ಕಿಯ ಮೆನುವಿನಲ್ಲಿ 'ಫಿಲ್ಟರ್ ಮೆಸೇಜಸ್ ಲೈಕ್ ದೀಸ್' ಒತ್ತಿದರೆ ಲಿಸ್ಟ್-ಐಡಿ ತಾನಾಗಿ ತುಂಬಿಕೊಳ್ಳುತ್ತದೆ. ಮುಂದಿನ ಪರದೆಯಲ್ಲಿ 'ಸ್ಕಿಪ್ ದಿ ಇನ್‌ಬಾಕ್ಸ್', 'ಅಪ್ಲೈ ದಿ ಲೇಬಲ್', 'ನೆವರ್ ಸೆಂಡ್ ಇಟ್ ಟು ಸ್ಪ್ಯಾಮ್' ಮೂರಕ್ಕೂ ಗುರುತು ಹಾಕಿ. ಇದು ಮೊಬೈಲ್ ಆ್ಯಪ್‌ನಲ್ಲಿ ಆಗುವುದಿಲ್ಲ, ಕಂಪ್ಯೂಟರ್‌ನ ಬ್ರೌಸರ್ ಬೇಕು. ಒಮ್ಮೆ ಮಾಡಿದರೆ ಮೊಬೈಲಿಗೂ ಅನ್ವಯಿಸುತ್ತದೆ.

ಸಬ್ಜೆಕ್ಟ್ ಟ್ಯಾಗ್ ನಂಬಿದವರು ಎಡವುವುದು ಇಲ್ಲೇ. ಜಿಮೇಲ್ ಹುಡುಕಾಟ ಚೌಕ ಆವರಣವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 'ಗಣಿತ' ಎಂಬುದನ್ನು ಆವರಣದೊಳಗೆ ಬರೆದು ಫಿಲ್ಟರ್ ಮಾಡಿದರೂ ಅದಕ್ಕೆ ಕಾಣುವುದು ಗಣಿತ ಎಂಬ ಪದ ಮಾತ್ರ. ಮಗನ ಶಾಲೆಯಿಂದ ಬಂದ ಗಣಿತ ಪರೀಕ್ಷೆಯ ಸೂಚನೆಯೂ ಲಿಸ್ಟಿನ ಲೇಬಲ್ ಹತ್ತಿಸಿಕೊಂಡು ಇನ್‌ಬಾಕ್ಸ್ ತಪ್ಪಿಸಿ ಒಳಗೆ ಹೋಗಿ ಕೂರುತ್ತದೆ.

ಲಿಸ್ಟ್-ಐಡಿ ಫಿಲ್ಟರ್ ಕೂಡ ಒಂದು ಸಂದರ್ಭದಲ್ಲಿ ಸೋಲುತ್ತದೆ. ಯಾರಾದರೂ 'ರಿಪ್ಲೈ ಆಲ್' ಮಾಡಿದಾಗ ನಿಮ್ಮ ವಿಳಾಸವೂ ಲಿಸ್ಟಿನ ವಿಳಾಸವೂ ಅದರಲ್ಲಿರುತ್ತವೆ. ನೇರವಾಗಿ ಬಂದ ಪ್ರತಿಯಲ್ಲಿ ಲಿಸ್ಟ್-ಐಡಿ ಇರುವುದಿಲ್ಲ. ಎರಡೂ ಪ್ರತಿಗಳ ಮೆಸೇಜ್-ಐಡಿ (ಪ್ರತಿ ಪತ್ರಕ್ಕೂ ಇರುವ ಗುರುತು) ಒಂದೇ ಆದ್ದರಿಂದ ಜಿಮೇಲ್ ಒಂದನ್ನೇ ತೋರಿಸುತ್ತದೆ, ಸಾಮಾನ್ಯವಾಗಿ ಮೊದಲು ಬಂದದ್ದನ್ನು. ಪತ್ರ ಇನ್‌ಬಾಕ್ಸ್‌ನಲ್ಲೇ ಉಳಿಯುತ್ತದೆ. ಮೇಲ್‌ಮ್ಯಾನ್‌ನಲ್ಲಿ ನಕಲು ಪ್ರತಿ ಬೇಡ ಎಂಬ ಸದಸ್ಯ ಆಯ್ಕೆ ಇದ್ದರಂತೂ ಲಿಸ್ಟಿನ ಪ್ರತಿ ಹೊರಡುವುದೇ ಇಲ್ಲ. ಎಲ್ಲವೂ ಲೇಬಲ್ ಅಡಿಯೇ ಬರಬೇಕು ಎನ್ನುವವರು ಫಿಲ್ಟರ್‌ನಲ್ಲಿ ಲಿಸ್ಟ್-ಐಡಿ ಅಥವಾ ಟು, ಸಿಸಿ ವಿಳಾಸ ಎಂದು ಎರಡನ್ನೂ ಸೇರಿಸಬೇಕು. ನಮ್ಮ ಸಲಹೆ ಹಾಗೇ ಬಿಡಿ ಎಂಬುದು: ನಿಮ್ಮನ್ನೇ ಉದ್ದೇಶಿಸಿದ ಉತ್ತರ ಇನ್‌ಬಾಕ್ಸ್‌ನಲ್ಲಿರುವುದು ಒಳ್ಳೆಯದೇ. ಇದೇ ಮೆಸೇಜ್-ಐಡಿ ಕಾರಣದಿಂದ, ನೀವು ಲಿಸ್ಟ್‌ಗೆ ಕಳಿಸಿದ ಪತ್ರ ನಿಮ್ಮ ಜಿಮೇಲ್‌ಗೆ ಮರಳಿ ಬಂದಂತೆ ಕಾಣುವುದಿಲ್ಲ. ಪತ್ರ ಹೋಗಿಲ್ಲವೆಂದು ಮತ್ತೆ ಕಳಿಸಬೇಡಿ, ಆರ್ಕೈವ್ ನೋಡಿ.

ಥಂಡರ್‌ಬರ್ಡ್‌ನಲ್ಲಿ ಮೆಸೇಜ್ ಫಿಲ್ಟರ್ಸ್ ತೆರೆದು, ಹೊಸ ಫಿಲ್ಟರ್‌ನ ಮೊದಲ ಪಟ್ಟಿಯ ಕೊನೆಯಲ್ಲಿರುವ 'ಕಸ್ಟಮೈಸ್' ಒತ್ತಿ, ಲಿಸ್ಟ್-ಐಡಿ ಎಂಬ ಹೆಡರನ್ನು ಸೇರಿಸಿಕೊಳ್ಳಬೇಕು. ಅಲ್ಲಿಂದ ಮುಂದೆ ಅದು ಪಟ್ಟಿಯಲ್ಲಿ ಸಿಗುತ್ತದೆ. ಥಂಡರ್‌ಬರ್ಡ್ ತೆರೆದಿದ್ದಾಗ ಮಾತ್ರ ಫಿಲ್ಟರ್ ಓಡುತ್ತದೆ ಎಂಬುದೇ ಇದರ ಕೊರತೆ. ಮನೆಯ ಕಂಪ್ಯೂಟರ್ ಆರಿಸಿ ಹೊರಟರೆ ಮೊಬೈಲಿನ ಇನ್‌ಬಾಕ್ಸ್ ತುಂಬುತ್ತದೆ. ಔಟ್‌ಲುಕ್‌ನ ನಿಯಮಗಳಲ್ಲಿ ಹೆಡರಿನಲ್ಲಿ ಇಂಥ ಪದಗಳಿದ್ದರೆ ಎಂಬ ಷರತ್ತಿದೆ, ಅದಕ್ಕೆ ಲಿಸ್ಟ್-ಐಡಿಯ ಕೋನ ಆವರಣದ ಭಾಗವನ್ನು ಕೊಟ್ಟರೆ ಸಾಕು.

ಸಿಕ್ಕರೆ ಸೀವ್ ಬಳಸಿ. ಫಿಲ್ಟರ್ ನಿಯಮ ಬರೆಯಲೆಂದೇ ಇರುವ, ಆರ್‌ಎಫ್‌ಸಿ 5228 ಹೇಳುವ ಈ ಪುಟ್ಟ ಭಾಷೆಯನ್ನು ಡವ್‌ಕಾಟ್ ಸರ್ವರಿನ ಪಿಜನ್‌ಹೋಲ್, ಫಾಸ್ಟ್‌ಮೇಲ್, ಪ್ರೋಟಾನ್ ಎಲ್ಲವೂ ಓದುತ್ತವೆ, ನಿಯಮ ಸರ್ವರಿನಲ್ಲೇ ನಡೆಯುತ್ತದೆ. ಬರೆಯುವಾಗ 'ಈಸ್' ಬದಲು 'ಕಂಟೇನ್ಸ್' ಹೋಲಿಕೆ ಬಳಸಿ, ಕೋನ ಆವರಣಗಳನ್ನೂ ಸೇರಿಸಿ ಬರೆಯಿರಿ. 'ಈಸ್' ಹಾಕಿದರೆ ಆಡಳಿತಗಾರರು ಲಿಸ್ಟಿನ ವಿವರಣೆ ಬದಲಿಸಿದ ದಿನ ನಿಯಮ ಸಾಯುತ್ತದೆ. ಕೋನ ಆವರಣ ಬಿಟ್ಟರೆ 'ಯೂಸರ್ಸ್' ಲಿಸ್ಟಿನ ನಿಯಮ 'ಡೆವ್-ಯೂಸರ್ಸ್' ಲಿಸ್ಟಿನ ಪತ್ರಗಳನ್ನೂ ಎಳೆದುಕೊಳ್ಳುತ್ತದೆ.

ಬರೆಯುವವರ ಟ್ಯಾಗ್ ಎಷ್ಟು ದುಡಿಯಬಲ್ಲದು

ಲಿನಕ್ಸ್ ಕರ್ನಲ್‌ನ ಮುಖ್ಯ ಲಿಸ್ಟ್‌ನಲ್ಲಿ ಲಿಸ್ಟಿನ ಹೆಸರಿನ ಟ್ಯಾಗ್ ಇಲ್ಲ, ಡೆಬಿಯನ್ ಲಿಸ್ಟ್‌ಗಳಲ್ಲೂ ಇಲ್ಲ. ಕರ್ನಲ್‌ನಲ್ಲಿ ಚೌಕ ಆವರಣ ಬರೆಯುವವರಿಗೆ ಮೀಸಲು: ಪ್ಯಾಚ್ (ಕೋಡಿಗೆ ಸೂಚಿಸುವ ಬದಲಾವಣೆ) ಎಂಬ ಪದ, ಎಷ್ಟನೇ ಆವೃತ್ತಿ, ಏಳರಲ್ಲಿ ಮೂರನೆಯದು ಎಂಬ ಲೆಕ್ಕ. ನೆಟ್‌ವರ್ಕಿಂಗ್ ವಿಭಾಗದಲ್ಲಿ 'ನೆಟ್' ಎಂದರೆ ದೋಷ ತಿದ್ದುಪಡಿ, 'ನೆಟ್-ನೆಕ್ಸ್ಟ್' ಎಂದರೆ ಹೊಸ ಕೆಲಸ. ಕೋಡಿನ ಇತಿಹಾಸ ಕಾಯುವ ಗಿಟ್‌ನ 'ಎಎಂ' ಆಜ್ಞೆ ಪ್ಯಾಚ್ ಸೇರಿಸಿಕೊಳ್ಳುವಾಗ ಸಬ್ಜೆಕ್ಟ್‌ನ ಆರಂಭದ ಆವರಣಗಳನ್ನೆಲ್ಲ ಕಿತ್ತುಹಾಕುತ್ತದೆ, ಆದ್ದರಿಂದ ಟ್ಯಾಗ್ ಇತಿಹಾಸದಲ್ಲಿ ಉಳಿಯುವುದಿಲ್ಲ. ಅಪಾಚೆ ಪ್ರತಿಷ್ಠಾನದ ಲಿಸ್ಟ್‌ಗಳಲ್ಲಿ ವೋಟ್ ಎಂಬ ಟ್ಯಾಗ್ ಕಂಡರೆ ಮತದಾನ ಶುರುವಾಗಿದೆ ಎಂದರ್ಥ, ಅದನ್ನು ಕನಿಷ್ಠ 72 ಗಂಟೆ ತೆರೆದಿಡುವುದು ವಾಡಿಕೆ. ಮುಗಿದ ಮೇಲೆ ರಿಸಲ್ಟ್ ಟ್ಯಾಗ್‌ನೊಂದಿಗೆ ಫಲಿತಾಂಶ. ಇಂಥ ಟ್ಯಾಗ್ ಮೇಲೆ ಸಬ್ಜೆಕ್ಟ್ ಫಿಲ್ಟರ್ ಕಟ್ಟುವುದು ಸರಿಯಾದ ಬಳಕೆ: ಮೊದಲು ಲಿಸ್ಟ್-ಐಡಿಯಿಂದ ಫೋಲ್ಡರ್, ಅದರೊಳಗೆ ವೋಟ್ ಟ್ಯಾಗ್ ಇದ್ದರೆ ನಕ್ಷತ್ರ ಗುರುತು. ಒಂದೇ ವಿಷಯದ ಪತ್ರ, ಉತ್ತರಗಳ ಎಳೆಯ ನಡುವೆ ಟ್ಯಾಗ್ ಬದಲಿಸುವಾಗ ಮಾತ್ರ ಎಚ್ಚರವಿರಲಿ. ಸಬ್ಜೆಕ್ಟ್ ಬದಲಾದರೆ ಜಿಮೇಲ್ ಅದನ್ನು ಹೊಸ ಸಂಭಾಷಣೆಯಾಗಿ ಬೇರ್ಪಡಿಸಬಹುದು.

ಕನ್ನಡದಲ್ಲಿ ಟ್ಯಾಗ್ ಬರೆದಾಗ

ಲಿಸ್ಟ್ ಸಾಫ್ಟ್‌ವೇರ್‌ಗಳ ಕೈಪಿಡಿಗಳಲ್ಲಿ ಸಿಗದ, ನಮ್ಮವರಿಗೆ ತೀರ ಬೇಕಾದ ಭಾಗ ಇದು. ಇಮೇಲ್ ಹೆಡರಿನಲ್ಲಿ ಕನ್ನಡ ಅಕ್ಷರ ನೇರವಾಗಿ ಹೋಗುವ ಬದಲು ಸಾಮಾನ್ಯವಾಗಿ ಆರ್‌ಎಫ್‌ಸಿ 2047ರ ಪ್ರಕಾರ ಎನ್‌ಕೋಡ್ ಆಗಿ ಹೋಗುತ್ತದೆ. ಒಂದು ತುಂಡಿಗೆ 75 ಅಕ್ಷರಗಳ ಮಿತಿ. ಯುನಿಕೋಡ್ ಸಂಕೇತಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಆ ಬೈಟ್‌ಗಳನ್ನು ಸಾದಾ ರೋಮನ್ ಅಕ್ಷರ, ಅಂಕಿಗಳಾಗಿ ಬರೆಯುವ ಬೇಸ್64ರಲ್ಲಿ ಅದು 4 ಅಕ್ಷರವಾಗುತ್ತದೆ. ತುಂಡಿನ ಹಿಂದುಮುಂದಿನ ಗುರುತುಗಳಿಗೆ 12 ಹೋದರೆ ಉಳಿದದ್ದರಲ್ಲಿ ಹಿಡಿಯುವುದು 15 ಸಂಕೇತ. 'ಕನ್ನಡ ಶಿಕ್ಷಕರು' ಎಂಬುದು ಕಣ್ಣಿಗೆ ಏಳು ಅಕ್ಷರ; ಆದರೆ ಒತ್ತು, ಗುಣಿತ ಸೇರಿ 13 ಸಂಕೇತ. ನಡುವಿನ ಜಾಗ, ಎರಡು ಆವರಣ ಸೇರಿಸಿದರೆ 42 ಬೈಟ್, ಎನ್‌ಕೋಡ್ ಆದಾಗ 68 ಅಕ್ಷರ. ಬರೀ ಟ್ಯಾಗೇ ಒಂದು ತುಂಡನ್ನು ಹೆಚ್ಚುಕಡಿಮೆ ನುಂಗಿತು.

ಇದರಿಂದೇನು ತೊಂದರೆ ಎಂದರೆ, ತುಂಡುಗಳು ಹೆಚ್ಚಿದಷ್ಟೂ ಒಡೆಯುವ ಜಾಗಗಳು ಹೆಚ್ಚು. ಅಕ್ಕಪಕ್ಕದ ಎರಡು ತುಂಡುಗಳ ನಡುವಿನ ಖಾಲಿ ಜಾಗವನ್ನು ತೋರಿಸುವಾಗ ಬಿಡಬೇಕು ಎಂಬುದು ನಿಯಮ. ಅದನ್ನು ಪಾಲಿಸದ ಸಾಫ್ಟ್‌ವೇರ್‌ನಲ್ಲಿ ಒತ್ತಕ್ಷರದ ನಡುವೆಯೇ ಜಾಗ ಬಿದ್ದು 'ಕನ್ ನಡ' ಆಗುತ್ತದೆ. ಒಂದು ಸಂಕೇತದ 3 ಬೈಟ್‌ಗಳ ನಡುವೆಯೇ ಕತ್ತರಿಸುವ ಕೆಟ್ಟ ಸಾಫ್ಟ್‌ವೇರ್ ಸಿಕ್ಕರೆ ಪ್ರಶ್ನಾರ್ಥಕ ಚಿಹ್ನೆಯ ಕಪ್ಪು ವಜ್ರಗಳು ಕಾಣುತ್ತವೆ.

ಫಿಲ್ಟರ್ ಕಡೆಯ ತೊಂದರೆ ಇನ್ನೂ ಸೂಕ್ಷ್ಮ. ಸೀವ್ ಹೆಡರನ್ನು ಬಿಡಿಸಿಕೊಂಡು ಹೋಲಿಸುತ್ತದೆ, ಹಳೆಯ ಫಿಲ್ಟರ್ ಸಾಧನ ಪ್ರೊಕ್‌ಮೇಲ್ ಎನ್‌ಕೋಡ್ ಆದ ಕಚ್ಚಾ ಸಾಲನ್ನೇ ನೋಡುತ್ತದೆ, ಹೀಗಾಗಿ ಅದರಲ್ಲಿ ಬರೆದ ಕನ್ನಡ ಪದ ಎಂದೂ ಸಿಗುವುದಿಲ್ಲ. ಬಿಡಿಸಿದ ಮೇಲೂ 'ಕೊ' ಎಂಬ ಅಕ್ಷರದ ಗುಣಿತ ಒಂದೇ ಸಂಕೇತವಾಗಿರಬಹುದು, ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳ ಜೋಡಿಯೂ ಆಗಿರಬಹುದು. ಪರದೆಯಲ್ಲಿ ಒಂದೇ ಬಗೆ, ಫಿಲ್ಟರ್‌ಗೆ ಬೇರೆ ಬೇರೆ. 'ಕೀ', 'ಕೇ', 'ಕೋ' ಎಂಬ ದೀರ್ಘ ಸ್ವರದ ಗುಣಿತಗಳಲ್ಲೂ ಇದೇ ಅಪಾಯ. 'ಸಾಫ್ಟ್‌ವೇರ್' ಎಂಬಲ್ಲಿ ಅರ್ಧಾಕ್ಷರ ಉಳಿಸಲು ಹಾಕುವ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಸಂಕೇತವನ್ನು ಕೆಲವರು ಹಾಕುತ್ತಾರೆ, ಕೆಲವರು ಬಿಡುತ್ತಾರೆ. ಇದರ ಮೇಲೆ ಪ್ರಕಟಣೆ, ಪ್ರಕಟನೆ ಎಂಬಂಥ ಕಾಗುಣಿತ ಭೇದ ಬೇರೆ. ಕನ್ನಡ ಟ್ಯಾಗ್ ಬೇಕೆನ್ನುವ ಗುಂಪುಗಳಿಗೆ ನಮ್ಮ ಶಿಫಾರಸು 'ಸಭೆ', 'ಪಾಠ', 'ಪ್ರಶ್ನೆ' ಇಂಥ ಚಿಕ್ಕ ಪದಗಳು: ಓತ್ವ ಇಲ್ಲ, ಅರ್ಧಾಕ್ಷರ ಇಲ್ಲ, ಕಾಗುಣಿತ ಒಂದೇ. ಸದಸ್ಯರು ಟೈಪ್ ಮಾಡುವ ಬದಲು ಮಾದರಿ ಪತ್ರದಿಂದ ನಕಲಿಸಿ ಅಂಟಿಸುವುದು ಇನ್ನೂ ಭದ್ರ.

ಯಾರಿಗೆ ಲಿಸ್ಟಿನ ಹೆಸರಿನ ಟ್ಯಾಗ್ ಬೇಕು

ದಿನಕ್ಕೆ ಒಂದೆರಡು ಪತ್ರ ಬರುವ, ಸದಸ್ಯರಲ್ಲಿ ಹೆಚ್ಚಿನವರು ಮೊಬೈಲ್‌ನಲ್ಲೇ ಓದುವ, ಫಿಲ್ಟರ್ ಎಂಬ ಪದವನ್ನೇ ಕೇಳಿರದ ಗುಂಪಿಗೆ ಟ್ಯಾಗ್ ಇರಲಿ. ಅವರಿಗೆ ಇನ್‌ಬಾಕ್ಸ್ ಒಂದೇ ಇರುವುದು, ಪತ್ರ ಎಲ್ಲಿಂದ ಬಂತು ಎಂದು ಕಣ್ಣಿಗೆ ತಿಳಿಯಬೇಕು. ಆಗ ರೋಮನ್ ಲಿಪಿಯ ನಾಲ್ಕೈದು ಅಕ್ಷರ ದಾಟದ ಟ್ಯಾಗ್ ಇಡಿ, ಫ್ರಮ್ ತಿದ್ದುವ ಆಯ್ಕೆಯನ್ನು ಜಾರಿಯಲ್ಲೇ ಇಡಿ. ಅಂಥ ಗುಂಪಿಗೂ ಲಿಸ್ಟ್-ಐಡಿ ತಪ್ಪಬಾರದು. ಪತ್ರ ಕಳಿಸುವವರಿಗೆ ಜಿಮೇಲ್ ಕೊಟ್ಟಿರುವ ಮಾರ್ಗಸೂಚಿ ಮೇಲಿಂಗ್ ಲಿಸ್ಟ್‌ಗಳು ಅದನ್ನು ಹಾಕಬೇಕೆಂದೇ ಹೇಳುತ್ತದೆ.

ಇರುವ ಟ್ಯಾಗನ್ನು ತೆಗೆಯಲು ಹೊರಟವರು ಎರಡು ವಾರ ಮೊದಲೇ ತಿಳಿಸಿ. ಆ ಪತ್ರದಲ್ಲಿ ನಿಮ್ಮ ಲಿಸ್ಟ್-ಐಡಿಯನ್ನು ಕೋನ ಆವರಣ ಸಹಿತ ಪ್ರತ್ಯೇಕ ಸಾಲಿನಲ್ಲಿ ಕೊಡಿ, ಜಿಮೇಲ್ ಮತ್ತು ಔಟ್‌ಲುಕ್ ಹೆಜ್ಜೆಗಳನ್ನು ಬರೆಯಿರಿ. ಟ್ಯಾಗ್ ನಂಬಿ ಕಟ್ಟಿದ ಫಿಲ್ಟರ್‌ಗಳೆಲ್ಲ ಆ ದಿನ ಒಟ್ಟಿಗೆ ನಿಲ್ಲುತ್ತವೆ, ಇನ್‌ಬಾಕ್ಸ್ ತುಂಬಿತೆಂದು ಕೆಲವರು ಸದಸ್ಯತ್ವ ಬಿಡಲು ಹೊರಡುತ್ತಾರೆ. ಬದಲಿಸುವ ದಿನ ಮತ್ತೊಮ್ಮೆ ಅದೇ ಪತ್ರ ಕಳಿಸಿ. ಹಳೆಯ ಎಳೆಗಳಿಗೆ ಬರುವ ಉತ್ತರಗಳಲ್ಲಿ ಹಳೆಯ ಟ್ಯಾಗ್ ಇನ್ನೂ ಕೆಲವು ವಾರ ಕಾಣಿಸುತ್ತದೆ. ಅದನ್ನು ಕೈಯಾರೆ ಅಳಿಸಿ ಎಂದು ಯಾರಿಗೂ ಹೇಳಬೇಡಿ, ಆ ಎಳೆ ಮುಗಿದಾಗ ಅದೂ ಹೋಗುತ್ತದೆ.